20 ಎಚ್‌ಪಿ ಮೋಟಾರ್‌ನ ಬೇರಿಂಗ್ ಪದೇ ಪದೇ ಹೋಗುತ್ತಿದೆ, ಶಟ್‌ಡೌನ್‌ನಲ್ಲಿ ಏನೇನು ನೋಡಬೇಕು?

ಪ್ಲಾಂಟ್_ಫಿಟ್ಟರ್: 15 ಕಿಲೋವ್ಯಾಟ್, 1500 ಆರ್‌ಪಿಎಂ ಮೋಟಾರ್, ಕೂಲಿಂಗ್ ವಾಟರ್ ಪಂಪಿಗೆ ಕಪ್ಲಿಂಗ್ ಆಗಿದೆ. ಕಪ್ಲಿಂಗ್ ಕಡೆಯ 6309 (45 ಮಿ.ಮೀ. ಒಳವ್ಯಾಸದ ಬಾಲ್ ಬೇರಿಂಗ್) ಬೇರಿಂಗ್ ಮೂರ್ನಾಲ್ಕು ತಿಂಗಳಲ್ಲೇ ಕೂಗೋಕೆ ಶುರು. ಭಾನುವಾರ ಎಂಟು ಗಂಟೆ ಶಟ್‌ಡೌನ್ ಸಿಗುತ್ತೆ. ಬರೀ ಬೇರಿಂಗ್ ಬದಲಿಸಿ ಬಿಟ್ಟರೆ ಮತ್ತೆ ಅದೇ ಕಥೆ ಅಲ್ವಾ?

ಡಯಲ್_ಗೇಜ್: ಹೌದು. ಹಳೆ ಬೇರಿಂಗನ್ನು ಗುಜರಿಗೆ ಹಾಕಬೇಡಿ, ಕತ್ತರಿಸಿ ಬಾಲ್ ಓಡುವ ಟ್ರ್ಯಾಕ್ ನೋಡಿ. ಬಾಲ್‌ಗಳ ಅಂತರಕ್ಕೆ ಸರಿಯಾಗಿ ಗುಂಡಿ ಬಿದ್ದಿದ್ದರೆ ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ್ದಾರೆ ಅಂತ. ಅಡ್ಡಡ್ಡ ಗೆರೆಗಳಿದ್ದರೆ, ವಿಎಫ್‌ಡಿ (ವೇಗ ಬದಲಿಸುವ ಡ್ರೈವ್) ಇರುವ ಮೋಟಾರಾದರೆ, ಶಾಫ್ಟ್‌ನಿಂದ ಬೇರಿಂಗ್ ಮೂಲಕ ಹರಿಯುವ ಕರೆಂಟ್ ಮೇಲೆ ಅನುಮಾನ. ಔಟರ್ ರೇಸ್‌ನಲ್ಲಿ (ಹೊರ ಉಂಗುರದಲ್ಲಿ) ಎದುರುಬದುರು ಎರಡು ಕಡೆ ಮಾತ್ರ ಸವೆದಿದ್ದರೆ ಬಾಡಿ ಹಿಂಡಿಕೊಂಡಿದೆ, ಹೆಚ್ಚಾಗಿ ಸಾಫ್ಟ್ ಫುಟ್, ಅಂದರೆ ಮೋಟಾರಿನ ಒಂದು ಕಾಲು ಬೇಸ್ ಮೇಲೆ ಸರಿಯಾಗಿ ಕೂತಿಲ್ಲ.

ಪ್ಲಾಂಟ್_ಫಿಟ್ಟರ್: ವಿಎಫ್‌ಡಿ ಇಲ್ಲ, ಸ್ಟಾರ್-ಡೆಲ್ಟಾ ಸ್ಟಾರ್ಟರ್. ಎರಡು ಕಡೆ ಸವೆತ ಇದೆ ಸಾರ್.

ಡಯಲ್_ಗೇಜ್: ಹಾಗಾದರೆ ಅಸಲಿ ಕೆಲಸ ಬೇಸ್‌ನಲ್ಲಿದೆ. ಐಸೋಲೇಟರ್‌ಗೆ ಬೀಗ ಹಾಕಿ, ವೋಲ್ಟೇಜ್ ಇಲ್ಲ ಅಂತ ಟೆಸ್ಟರ್‌ನಲ್ಲಿ ನೋಡಿಕೊಂಡೇ ಕೈ ಹಾಕಿ. ಒಂದೊಂದೇ ಕಾಲಿನ ಬೋಲ್ಟ್ ಸಡಿಲಿಸಿ ಡಯಲ್ ಗೇಜ್ ನೋಡಿ, 0.05 ಮಿ.ಮೀ.ಗಿಂತ ಹೆಚ್ಚು ಎದ್ದರೆ ಆ ಕಾಲಿನ ಕೆಳಗೆ ಶಿಮ್ (ತೆಳು ಲೋಹದ ಹಾಳೆ) ಬೇಕು. ಆದರೆ ಫೀಲರ್ ಗೇಜ್‌ನಲ್ಲಿ (ಸಂದು ಅಳೆಯುವ ತೆಳು ಪಟ್ಟಿಗಳಲ್ಲಿ) ಕಾಲಿನ ನಾಲ್ಕೂ ಮೂಲೆ ನೋಡಿ. ಸಂದು ಓರೆಯಾಗಿದ್ದರೆ ಚಪ್ಪಟೆ ಶಿಮ್‌ನಿಂದ ಪ್ರಯೋಜನವಿಲ್ಲ. ತೆಳು ಶಿಮ್ ಹತ್ತು ಪೇರಿಸಿದರೆ ಸ್ಪ್ರಿಂಗ್ ಆಗುತ್ತೆ, ಮೂರ್ನಾಲ್ಕಕ್ಕೆ ನಿಲ್ಲಿಸಿ. ಆಮೇಲೇ ಅಲೈನ್‌ಮೆಂಟ್, ಅಂದರೆ ಮೋಟಾರ್ ಮತ್ತು ಪಂಪ್ ಶಾಫ್ಟ್‌ಗಳನ್ನು ಒಂದೇ ಗೆರೆಗೆ ತರುವುದು. ಕೊನೆಗೆ ಕಪ್ಲಿಂಗ್ ಮೇಲೆ ಡಯಲ್ ಇಟ್ಟು ಪೈಪ್ ಫ್ಲೇಂಜ್ ಬಿಗಿ ಮಾಡಿ: ಮುಳ್ಳು ಓಡಿದರೆ ಪೈಪ್ ಪಂಪನ್ನು ಎಳೀತಿದೆ. ಇದನ್ನು ಯಾರೂ ನೋಡಲ್ಲ.

ಗ್ರೀಸ್_ಗನ್: ಒಪ್ಪಿದೆ, ಆದರೆ ಶಾಫ್ಟ್ ಅಳೆಯದೆ ಹೊಸ ಬೇರಿಂಗ್ ಹಾಕಬೇಡಿ. ಕೆ6 ಫಿಟ್‌ಗೆ (ಬೇರಿಂಗ್ ಬಿಗಿಯಾಗಿ ಕೂರುವ ಶಾಫ್ಟ್ ಅಳತೆ) ಮೈಕ್ರೋಮೀಟರ್‌ನಲ್ಲಿ 45.002ರಿಂದ 45.018 ಮಿ.ಮೀ. ಬರಬೇಕು, 45ಕ್ಕಿಂತ ಕಮ್ಮಿ ಇದ್ದರೆ ಇನ್ನರ್ ರೇಸ್ (ಒಳ ಉಂಗುರ) ಜಾರುತ್ತೆ. ಬೇರಿಂಗ್ ಸಿ3 ಕ್ಲಿಯರೆನ್ಸಿನದೇ (ಒಳಗೆ ಸಾಮಾನ್ಯಕ್ಕಿಂತ ಹೆಚ್ಚು ಸಡಿಲ ಇರುವುದು) ಆಗಿರಲಿ, ನೇಮ್‌ಪ್ಲೇಟ್ ನೋಡಿಕೊಳ್ಳಿ. ಇಂಡಕ್ಷನ್ ಹೀಟರ್‌ನಲ್ಲಿ 110 ಡಿಗ್ರಿ ಸಾಕು, 120 ದಾಟಿಸಬೇಡಿ. ಗ್ಯಾಸ್ ಟಾರ್ಚ್ ಅಂತೂ ಬೇಡವೇ ಬೇಡ. ಶಾಫ್ಟಿಗೆ ಇಳಿಸಿದ ಮೇಲೆ ತಣ್ಣಗಾಗುವ ತನಕ ಶಾಫ್ಟಿನ ಭುಜಕ್ಕೆ (ಮೆಟ್ಟಿಲಿಗೆ) ಒತ್ತಿ ಹಿಡಿಯಿರಿ, ಇಲ್ಲವಾದರೆ ಕುಗ್ಗುವಾಗ ಸಂದು ಬಿಡುತ್ತೆ.

ಗ್ರೀಸ್ ನಿಪ್ಪಲ್ ಇದ್ದರೆ ಮರು-ಗ್ರೀಸ್ ಲೆಕ್ಕ: ಬೇರಿಂಗಿನ ಹೊರವ್ಯಾಸ × ಅಗಲ (ಮಿ.ಮೀ.ನಲ್ಲಿ) × 0.005, ಅಂದರೆ 100 × 25 × 0.005 = 12.5 ಗ್ರಾಂ. ನಿಮ್ಮ ಗನ್ ಒಂದು ಒತ್ತಿಗೆ ಎಷ್ಟು ಬಿಡುತ್ತೆ ಅಂತ ತಕ್ಕಡಿಯಲ್ಲಿ ತೂಗಿ ನೋಡಿ. ಲಿಥಿಯಂ ಗ್ರೀಸ್ ಇದ್ದಲ್ಲಿಗೆ ಪಾಲಿಯೂರಿಯಾ ತುಂಬಬೇಡಿ, ಹೊಂದದಿದ್ದರೆ ಎರಡೂ ನೀರಾಗಿ ಸೋರಿಹೋಗುತ್ತೆ.

ಪ್ಲಾಂಟ್_ಫಿಟ್ಟರ್: ಶಿಮ್ ಸ್ಟಾಕ್ ಇಲ್ಲ. ಶನಿವಾರದೊಳಗೆ 0.05, 0.1, 0.2, 0.5 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ ಶಿಮ್ ತರಿಸ್ತೀನಿ. ಕಪ್ಲಿಂಗ್ ಸ್ಪೈಡರೂ (ಕಪ್ಲಿಂಗ್ ನಡುವಿನ ರಬ್ಬರ್ ತುಂಡು) ಒಂದು.