‘ಗೆಟ್’ ಅನ್ನೋ ಒಂದೇ ಪದಕ್ಕೆ ಇಷ್ಟೊಂದು ಅರ್ಥನಾ? ಯಾರಾದ್ರೂ ಬಿಡಿಸಿ ಹೇಳಿ

ಕಕ್ಕಬೆ_ತೋಟದಮನೆ

ಎಲ್ರಿಗೂ ನಮಸ್ಕಾರ. ಕಕ್ಕಬೆ ಹತ್ರ ನಮ್ಮ ತೋಟದ ಮನೇಲೇ ಹೋಂಸ್ಟೇ ಮಾಡಿದೀವಿ, ಗೆಸ್ಟ್‌ಗಳ ಫೋನು ವಾಟ್ಸಾಪು ಎಲ್ಲ ನಾನೇ ನೋಡ್ಕೊಳ್ಳೋದು. ನಾರ್ತ್ ಕಡೆಯವ್ರು, ಫಾರಿನ್‌ನವ್ರು ಬಂದ್ರೆ ಇಂಗ್ಲಿಷಲ್ಲೇ ಮಾತು. ಬೇರೆ ಪದ ಗೊತ್ತಿಲ್ದಿದ್ರೆ ಡಿಕ್ಷನರಿ ನೋಡ್ಕೋಬೋದು, ಆದ್ರೆ ಈ ಗೆಟ್ ಮಾತ್ರ ಡಿಕ್ಷನರಿ ನೋಡಿದ್ರೂ ಬಗೆಹರಿಯಲ್ಲ, ಅಲ್ಲಿ ಪುಟಗಟ್ಲೆ ಕೊಟ್ಟಿದಾರೆ. ಸ್ಕೂಲಲ್ಲಿ ಗೆಟ್ ಅಂದ್ರೆ ‘ಪಡೆ’ ಅಂತ ಹೇಳ್ಕೊಟ್ಟಿದ್ರು. ಈಗ ಒಂದೇ ಫ್ಯಾಮಿಲಿ ಕಳಿಸಿರೋ ಮೆಸೇಜ್‌ಗಳು ನೋಡಿ:

ಹೌ ಡು ವಿ ಗೆಟ್ ಟು ಯುವರ್ ಪ್ಲೇಸ್ ಫ್ರಮ್ ಮೈಸೂರು?
ಕ್ಯಾನ್ ಯು ಗೆಟ್ ಅಸ್ ಎ ಜೀಪ್ ಫಾರ್ ಮಾಂದಲಪಟ್ಟಿ?
ಇಟ್ಸ್ ಗೆಟಿಂಗ್ ಡಾರ್ಕ್.
ವಿ ಗಾಟ್ ಟು ಸೀ ಎಲಿಫೆಂಟ್ಸ್!
ಐ ನೀಡ್ ಟು ಗೆಟ್ ಮೈ ಶೂಸ್ ಕ್ಲೀನ್ಡ್.

ಇದ್ರಲ್ಲಿ ಪಡೆಯೋದು ಎಲ್ಲಿ ಬಂತು? ಓದಿದ್ರೆ ಅಂದಾಜಲ್ಲಿ ಗೊತ್ತಾಗುತ್ತೆ, ಆದ್ರೆ ನಾನು ಮಾತಾಡೋವಾಗ ಗೆಟ್ ಬಾಯಿಗೇ ಬರಲ್ಲ. ಇದಕ್ಕೆ ಏನಾದ್ರೂ ನಿಯಮ ಇದ್ಯಾ ಅಥವಾ ಎಲ್ಲ ಬಾಯಿಪಾಠನೇನಾ? ಮಗಳಿಗೂ ಹೇಳ್ಕೊಡ್ಬೇಕು, ಎಂಟನೇ ಕ್ಲಾಸು.

ಸೋಮವಾರಪೇಟೆ_ಮೇಷ್ಟ್ರು

ಒಳ್ಳೆ ಪ್ರಶ್ನೆ ಮೇಡಂ, ಇಂಗ್ಲಿಷ್ ಪಾಠ ಮಾಡೋನಾಗಿ ಹೇಳ್ತೀನಿ, ‘ಪಡೆ’ ಅಂತ ಒಂದೇ ಅರ್ಥ ಬರೆಸೋದ್ರಿಂದಾನೇ ಮಕ್ಕಳು ಇಲ್ಲಿ ಸಿಕ್ಕಾಕ್ಕೊಳ್ಳೋದು. ಬಾಯಿಪಾಠ ಬೇಡ. ಗೆಟ್ ಆದ್ಮೇಲೆ ಏನು ಬಂದಿದೆ ನೋಡಿ, ಅದೇ ಅರ್ಥ ಹೇಳುತ್ತೆ. ಮುಂದೆ ಒಂದು ವಸ್ತು ಬಂದ್ರೆ ‘ಸಿಗು’ ಅಥವಾ ‘ತಂದುಕೊಡು’, ಜೀಪಿನ ವಾಕ್ಯ ಅದೇ. ಮುಂದೆ ಡಾರ್ಕ್, ಟೈರ್ಡ್, ವೆಟ್ ಈ ಥರ ಪದ ಬಂದ್ರೆ ನಮ್ಮ ‘ಆಗು’, ಕತ್ತಲಾಗ್ತಿದೆ, ಸುಸ್ತಾಯ್ತು, ಒದ್ದೆ ಆಯ್ತು. ಮುಂದೆ ‘ಟು’ ಇದ್ದು ಊರಿನ ಹೆಸರು ಬಂದ್ರೆ ‘ತಲುಪು’. ‘ಟು’ ಆದ್ಮೇಲೆ ಕ್ರಿಯಾಪದ ಬಂದ್ರೆ ಆ ಅವಕಾಶ ಸಿಕ್ತು ಅಂತ, ಆನೆ ನೋಡೋಕೆ ಸಿಕ್ತು ಅಂತೀವಲ್ಲ, ಅಷ್ಟೇ.

ಇನ್ನು ಬಾಯಿಗೆ ಯಾಕೆ ಬರಲ್ಲ ಅಂದ್ರಿ. ನನಗೆ ಕಾಣೋ ಕಾರಣ ಇದು. ಕನ್ನಡದಲ್ಲಿ ಇವೆಲ್ಲ ‘ನನಗೆ’ ಅಂತ ಶುರುವಾಗುತ್ತೆ. ನನಗೆ ಕಾಗದ ಸಿಕ್ತು, ನನಗೆ ಸುಸ್ತಾಯ್ತು, ನನಗೆ ಅರ್ಥ ಆಯ್ತು, ನಮಗೆ ಇಲ್ಲಿ ನೆಟ್‌ವರ್ಕ್ ಸಿಗಲ್ಲ. ಇಂಗ್ಲಿಷ್‌ನೋರು ‘ನನಗೆ’ ತೆಗೆದು ‘ನಾನು’ ಅಂತ ಶುರು ಮಾಡ್ತಾರೆ, ಐ ಗಾಟ್ ಎ ಲೆಟರ್, ಐ ಗಾಟ್ ಟೈರ್ಡ್, ಐ ಗಾಟ್ ಇಟ್, ವಿ ಡೋಂಟ್ ಗೆಟ್ ನೆಟ್‌ವರ್ಕ್ ಹಿಯರ್. ಹಾಗಾಗಿ ಮನಸ್ಸಲ್ಲಿ ‘ನನಗೆ... ಸಿಕ್ತು’ ‘ನನಗೆ... ಆಯ್ತು’ ಅಂತ ಬಂದ ಕೂಡ್ಲೇ ಐ ಗಾಟ್ ಅಂತ ಶುರು ಮಾಡಿ ನೋಡಿ, ಬಹಳ ಕಡೆ ಸರಿ ಕೂರುತ್ತೆ. ಎಲ್ಲ ಕಡೆ ಅಲ್ಲ, ನನಗೆ ನೆಗಡಿ ಆಯ್ತು ಅನ್ನೋಕೆ ಐ ಗಾಟ್ ಎ ಕೋಲ್ಡ್ ಸರಿ, ಆದ್ರೆ ನನಗೆ ಅವ್ರು ಗೊತ್ತು ಅನ್ನೋದು ಐ ನೋ ದೆಮ್ ಅಂತಾನೇ.

ಶೂಸ್ ವಾಕ್ಯ ಬೇರೆ ಜಾತಿ, ಅದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಕನ್ನಡದಲ್ಲಿ ಕೊಯ್ಯೋದು ಬೇರೆ, ಕೊಯ್ಸೋದು ಬೇರೆ. ತೋಟದಲ್ಲಿ ನೀವೇ ಏಣಿ ಹತ್ತಿ ಮೆಣಸು ಕೊಯ್ದ್ರೆ ವಿ ಪಿಕ್ಡ್ ದ ಪೆಪ್ಪರ್. ಆಳು ಇಟ್ಟು ಕೊಯ್ಸಿದ್ರೆ ವಿ ಗಾಟ್ ದ ಪೆಪ್ಪರ್ ಪಿಕ್ಡ್. ಅಂದ್ರೆ ಗೆಟ್, ಆಮೇಲೆ ವಸ್ತು, ಆಮೇಲೆ ಕ್ರಿಯಾಪದದ ಮೂರನೇ ರೂಪ, ಈ ಮೂರೂ ಸೇರಿದ್ರೆ ನಮ್ಮ ‘ಇಸು’. ಗಾಡಿ ರಿಪೇರಿ ಮಾಡಿಸಿದೆ, ಐ ಗಾಟ್ ದ ಜೀಪ್ ರಿಪೇರ್ಡ್. ಜಾಗ ಸರ್ವೆ ಮಾಡಿಸಿದ್ವಿ, ವಿ ಗಾಟ್ ದ ಲ್ಯಾಂಡ್ ಸರ್ವೇಡ್. ನಮ್ಮ ಮಕ್ಕಳು ಕ್ಷೌರಕ್ಕೆ ಹೋಗಿ ಬಂದು ಐ ಕಟ್ ಮೈ ಹೇರ್ ಅಂತಾರೆ, ಕೇಳಿದವ್ರು ಇವನೇ ಕತ್ತರಿ ಹಿಡ್ಕೊಂಡ ಅಂದ್ಕೋತಾರೆ. ಐ ಗಾಟ್ ಮೈ ಹೇರ್ ಕಟ್ ಅನ್ಬೇಕು. ಮಗಳಿಗೆ ಬೇರೆ ಏನ್ ಕಲಿಸ್ದಿದ್ರೂ ಇದೊಂದು ಕಲಿಸಿ, ಬೇರೆಯವ್ರ ಕೈಲಿ ಮಾಡಿಸೋ ಅರ್ಥದ ‘ಇಸು’ ಬಂದ ಕಡೆಯೆಲ್ಲ ಒಂದು ವಾಕ್ಯ ಮಾಡೋಕೆ ಹೇಳಿ.

ಮಡಿಕೇರಿ_ಜೀಪ್

ಮೇಷ್ಟ್ರೇ ತುಂಬ ಚೆನ್ನಾಗಿ ಹೇಳಿದ್ರಿ. ನಾನು ಮಾಂದಲಪಟ್ಟಿಗೆ ಟೂರಿಸ್ಟ್ ಕರ್ಕೊಂಡ್ ಹೋಗೋನು, ನಮಗೆ ದಿನಾ ಬೇಕಾಗೋದು ಹತ್ತೋದು ಇಳಿಯೋದು. ಬಸ್ಸು, ಟ್ರೈನು, ಬೈಕಿಗೆ ಗೆಟ್ ಆನ್, ಗೆಟ್ ಆಫ್. ಕಾರು, ಜೀಪು, ಆಟೋಗೆ ಗೆಟ್ ಇನ್, ಗೆಟ್ ಔಟ್. ಒಳಗೆ ಎದ್ದು ಓಡಾಡೋಕೆ ಆಗೋ ಗಾಡಿ ಅಥವಾ ಮೇಲೆ ಕಾಲು ಹಾಕಿ ಕೂರೋ ಗಾಡಿ ಆದ್ರೆ ಆನ್, ಒಳಗೆ ನುಗ್ಗಿ ಕೂರೋದಾದ್ರೆ ಇನ್, ನಾನು ಹಂಗೆ ನೆನಪಿಟ್ಕೊಂಡಿದೀನಿ. ಬಸ್ಸಿಂದ ಇಳಿಯೋದಕ್ಕೆ ನಾವೆಲ್ಲ ಗೆಟ್ ಡೌನ್ ಅಂತೀವಿ, ನಮ್ಮ ದೇಶದಲ್ಲಿ ನಡೆಯುತ್ತೆ, ಆದ್ರೆ ಹೊರಗಿನವ್ರಿಗೆ ಗೆಟ್ ಡೌನ್ ಅಂದ್ರೆ ಎತ್ತರದಿಂದ ಕೆಳಗಿಳಿ ಅಥವಾ ಬಗ್ಗು ಅನ್ನೋ ಥರ ಕೇಳುತ್ತೆ, ಅವ್ರಿಗೆ ಗೆಟ್ ಆಫ್ ಅಟ್ ಕಕ್ಕಬೆ ಅಂತ ಬರೀರಿ. ಮತ್ತೆ ಜೀಪಿಂದ ಇಳೀರಿ ಅನ್ನೋಕೆ ಬರೀ ಗೆಟ್ ಔಟ್ ಅನ್ಬೇಡಿ, ಆಚೆ ಹೋಗು ಅಂತ ಗದರಿಸಿದ ಹಾಗಾಗುತ್ತೆ. ಯು ಕ್ಯಾನ್ ಗೆಟ್ ಔಟ್ ಹಿಯರ್ ಅಂದ್ರೆ ಮರ್ಯಾದೆಯಾಗಿರುತ್ತೆ.

ಮಳೆಗಾಲದಲ್ಲಿ ಜಾಸ್ತಿ ಕೇಳೋದು, ವಿ ಗಾಟ್ ಬಿಟನ್ ಬೈ ಲೀಚಸ್. ಜಿಗಣೆ ಕಚ್ಚಿಸ್ಕೊಂಡ್ವಿ ಅಂತ. ಗಾಟ್ ಸ್ಟಕ್, ಗಾಟ್ ಲಾಸ್ಟ್ ಎಲ್ಲ ಹಿಂಗೇ, ಬೇಡದ್ದು ನಮ್ಮ ಮೇಲೆ ಬಂದು ಬಿದ್ದಾಗ ಜಾಸ್ತಿ ಬಳಸ್ತಾರೆ.

ಕಕ್ಕಬೆ_ತೋಟದಮನೆ

ಮೇಷ್ಟ್ರೇ, ಅಣ್ಣ, ಇಬ್ರಿಗೂ ತುಂಬ ಥ್ಯಾಂಕ್ಸ್. ಕೊಯ್ಯೋದು ಕೊಯ್ಸೋದು ಹೇಳಿದ್ಮೇಲೆ ಮಗಳಿಗೆ ತಕ್ಷಣ ಹಿಡೀತು, ಕಾಫಿ ಕೊಯ್ಸೋದು, ಪಲ್ಪ್ ಮಾಡಿಸೋದು ಅಂತ ಅವಳೇ ವಾಕ್ಯ ಮಾಡ್ತಿದಾಳೆ. ಇನ್ನೊಂದು ಡೌಟು. ಅಮೆರಿಕದ ಗೆಸ್ಟ್ ಒಬ್ರು ‘ದ ರೋಡ್ ಹ್ಯಾಸ್ ಗಾಟನ್ ವರ್ಸ್’ ಅಂದ್ರು. ಗಾಟನ್ ಅಂತ ಪದ ಇದ್ಯಾ? ಮತ್ತೆ ಅವ್ರೇ ಹೊರಡೋವಾಗ ‘ವಿ ಹ್ಯಾವ್ ಗಾಟ್ ಟು ಗೋ’ ಅಂದ್ರು, ಇಲ್ಲಿ ಗಾಟನ್ ಇಲ್ಲ. ಮೇಷ್ಟ್ರು ಹೇಳಿದ ಹಾಗೆ ಹೋಗೋಕೆ ಅವಕಾಶ ಸಿಕ್ತು ಅಂತನಾ?

ವಿರಾಜಪೇಟೆ_ಹುಡ್ಗಿ

ಅಕ್ಕ, ನಾನು ಅಮೆರಿಕದ ಕಸ್ಟಮರ್‌ಗಳ ಜೊತೆ ಕೆಲಸ ಮಾಡ್ತೀನಿ, ಇದು ದಿನಾ ಕೇಳ್ತೀನಿ. ಗಾಟನ್ ಸರಿಯಾದ ಪದಾನೇ. ಬ್ರಿಟಿಷ್ ಇಂಗ್ಲಿಷಲ್ಲಿ ಗೆಟ್, ಗಾಟ್, ಗಾಟ್, ಅಮೆರಿಕದಲ್ಲಿ ಗೆಟ್, ಗಾಟ್, ಗಾಟನ್. ಗಾಟನ್ ಅಮೆರಿಕದವ್ರು ಹೊಸದಾಗಿ ಮಾಡ್ಕೊಂಡಿದ್ದಲ್ಲ, ಹಿಂದೆ ಇಂಗ್ಲೆಂಡಲ್ಲೂ ಇತ್ತು, ಅಲ್ಲಿ ಬಳಕೆ ಕಮ್ಮಿ ಆಯ್ತು, ಅಮೆರಿಕದಲ್ಲಿ ಉಳೀತು. ಆದ್ರೆ ಅಮೆರಿಕದಲ್ಲೂ ಎಲ್ಲಾ ಕಡೆ ಗಾಟನ್ ಬರಲ್ಲ. ‘ಆಗಿದೆ’ ‘ಸಿಕ್ಕಿದೆ’ ಅನ್ನೋದಾದ್ರೆ ಗಾಟನ್, ‘ನನ್ನ ಹತ್ರ ಇದೆ’ ಅನ್ನೋದಾದ್ರೆ ಗಾಟ್. ಐ ಹ್ಯಾವ್ ಗಾಟ್ ಟು ಟಿಕೆಟ್ಸ್ ಅಂದ್ರೆ ಎರಡು ಟಿಕೆಟ್ ಇದೆ, ಐ ಹ್ಯಾವ್ ಗಾಟನ್ ಟು ಟಿಕೆಟ್ಸ್ ಅಂದ್ರೆ ಎರಡು ಟಿಕೆಟ್ ಸಿಕ್ಕಿದೆ.

ಹ್ಯಾವ್ ಗಾಟ್ ಟು ಗೋ ಅವಕಾಶ ಅಲ್ಲ ಅಕ್ಕ, ಹೋಗ್ಲೇಬೇಕು ಅಂತ. ಹಿಂದೆ ಹ್ಯಾವ್ ಇದ್ಯಾ ನೋಡಿ, ಆದ್ರೆ ಮಾತಲ್ಲಿ ಅದನ್ನ ನುಂಗಿಬಿಟ್ಟು ಬರೀ ‘ಗಾಟ ಗೋ’ ಅಂತಾರೆ, ಆಗ ಸಂದರ್ಭ ನೋಡೇ ತಿಳ್ಕೋಬೇಕು.

ಒಂದು ಮಾತು ಸೇರಿಸ್ತೀನಿ, ಮೇಷ್ಟ್ರು ಒಪ್ತಾರೆ ಅನ್ಸುತ್ತೆ. ಗೆಟ್ ಮಾತಿಗೆ, ಚಾಟಿಗೆ ಚೆಂದ. ಬ್ಯಾಂಕಿಗೆ, ಆಫೀಸಿಗೆ ಅರ್ಜಿ ಬರೆಯೋವಾಗ ಐ ಗಾಟ್ ಯುವರ್ ಲೆಟರ್ ಬದ್ಲು ಐ ರಿಸೀವ್ಡ್ ಯುವರ್ ಲೆಟರ್ ಅಂತ ಬರೀರಿ.

ಸೋಮವಾರಪೇಟೆ_ಮೇಷ್ಟ್ರು

ಪೂರ್ತಿ ಒಪ್ತೀನಿ. ಮಗಳಿಗೆ ಪರೀಕ್ಷೆಯ ಪತ್ರಲೇಖನದಲ್ಲೂ ರಿಸೀವ್, ರೀಚ್, ಬಿಕಮ್ ಬರೆಯೋಕೆ ಹೇಳಿ. ಇನ್ನು ಗೆಸ್ಟ್ ಏನಾದ್ರೂ ಕೇಳಿ ತಕ್ಷಣ ಉತ್ತರ ಗೊತ್ತಿಲ್ದಿದ್ರೆ, ಐ ವಿಲ್ ಗೆಟ್ ಬ್ಯಾಕ್ ಟು ಯು ಬೈ ಈವ್ನಿಂಗ್ ಅನ್ನಿ, ವಿಚಾರಿಸಿ ಸಂಜೆ ಒಳಗೆ ತಿಳಿಸ್ತೀನಿ ಅಂತ. ನಿಮ್ಮ ಕೆಲಸಕ್ಕೆ ಇದು ದಿನಾ ಬೇಕಾಗುತ್ತೆ.