ಸಹಾಯ ಬೇಕು: ಸಣ್ಣ ಊರಿಗೆ ಕೀವರ್ಡ್ ಹುಡುಕುವುದು ಹೇಗೆ?

ನಮಸ್ಕಾರ ಎಲ್ಲರಿಗೂ. ಪ್ಲಂಬಿಂಗ್ ಕೆಲಸ ಮಾಡುವವರೊಬ್ಬರ ವೆಬ್‌ಸೈಟ್‌ಗೆ ಕೀವರ್ಡ್ (ಜನ ಗೂಗಲ್‌ನಲ್ಲಿ ಟೈಪ್ ಮಾಡುವ ಪದಗಳು) ಹುಡುಕುತ್ತಿದ್ದೇನೆ. ಯಾವ ಪದವನ್ನು ತಿಂಗಳಿಗೆ ಎಷ್ಟು ಸಲ ಹುಡುಕುತ್ತಾರೆ ಅಂತ ತೋರಿಸುವ ಗೂಗಲ್ ಕೀವರ್ಡ್ ಪ್ಲಾನರ್‌ನಲ್ಲಿ ಇಡೀ ದೇಶ ಬಿಟ್ಟು ಒಂದೇ ಊರು ಆರಿಸಿದ ತಕ್ಷಣ ಎಷ್ಟೋ ಪದಗಳಿಗೆ ಅಂಕಿಯೇ ಬರುವುದಿಲ್ಲ, ಬಂದರೂ '10ರಿಂದ 100' ಅಂತ ಸುಮ್ನೆ ಒಂದು ಅಂದಾಜು, ಜಾಹೀರಾತಿಗೆ ದುಡ್ಡು ಹಾಕದ ಖಾತೆಗೆ ಅಷ್ಟೇ ಸಿಗುವುದು. ಹುಡುಕಾಟದ ಏರಿಳಿತ ತೋರಿಸುವ ಗೂಗಲ್ ಟ್ರೆಂಡ್ಸ್‌ನಲ್ಲೂ ಸಾಕಷ್ಟು ಡೇಟಾ ಇಲ್ಲ ಅನ್ನುತ್ತದೆ.

ಇನ್ನೊಂದು ಗೊಂದಲ. ಊರಿನ ಹೆಸರು ಹಾಕದೆ ಬರೀ 'ಪ್ಲಂಬರ್' ಅಂತ ಹುಡುಕಿದರೂ ಗೂಗಲ್ ನಾವಿರುವ ಜಾಗ ನೋಡಿಯೇ ಫಲಿತಾಂಶ ಕೊಡುತ್ತದೆ ಅಲ್ವಾ? ಹಾಗಿದ್ದರೆ ಪುಟದ ತುಂಬ 'ಹತ್ತಿರದ ಪ್ಲಂಬರ್' ಅಂತ ಬರೆಯುವುದಕ್ಕಿಂತ ಬಡಾವಣೆಯ ಹೆಸರು, ಜನ ದಾರಿ ಹೇಳುವಾಗ ಬಳಸುವ ಗುರುತುಗಳು ಜಾಸ್ತಿ ಕೆಲಸಕ್ಕೆ ಬರುತ್ತವೆ ಅಂತ ನನ್ನ ಅನಿಸಿಕೆ. ಆದರೆ ಒಂದೇ ಜಾಗಕ್ಕೆ ಹಳೆಯ ಹೆಸರು, ಹೊಸ ಹೆಸರು, ಎರಡು ಮೂರು ಸ್ಪೆಲಿಂಗ್ ಇರುತ್ತವೆ. ಜನ ಯಾವುದನ್ನು ಟೈಪ್ ಮಾಡುತ್ತಾರೆ ಅಂತ ತಿಳಿಯುವುದು ಹೇಗೆ? ಯಾವ ಪದ ಹುಡುಕಿದಾಗ ನಮ್ಮ ಸೈಟ್ ಕಾಣಿಸಿತು ಅಂತ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ ಈಗಷ್ಟೇ ಜೋಡಿಸಿದ್ದು, ಅಲ್ಲಿ ಇನ್ನೂ ಏನೂ ಬಂದಿಲ್ಲ.

ಹೆಸರು ಮಾತ್ರ ಬದಲಿಸಿ ಬಡಾವಣೆಗೊಂದು ಪುಟ ಮಾಡುವ ಸಲಹೆ ದಯವಿಟ್ಟು ಬೇಡ, ಅದು ಗೂಗಲ್‌ನ ಸ್ಪ್ಯಾಮ್ ನಿಯಮಕ್ಕೆ ವಿರುದ್ಧ. ಈ ಕೆಲಸ ಮಾಡಿದವರು ಮೊದಲು ಎಲ್ಲಿಂದ ಶುರು ಮಾಡುತ್ತೀರಿ, ಹೇಳಿ.