ಮನೆ ಮುಂದಿನ ರಸ್ತೆಯಲ್ಲಿ ಸಸಿ ನೆಡಿಸುವ ಕ್ರಮವೇನು? (ಬೆಂಗಳೂರು)

ಪ್ರಶ್ನೆ: ಅಡ್ಡರಸ್ತೆ ನಿವಾಸಿ

ನಮ್ಮದು ಬೆಂಗಳೂರಿನ ಹಳೆಯ ಬಡಾವಣೆಯೊಂದರ ನಲವತ್ತು ಅಡಿ ಅಗಲದ ರಸ್ತೆ. ಚರಂಡಿ ಕಾಮಗಾರಿಯಲ್ಲಿ ಬೇರು ಕಡಿಸಿಕೊಂಡಿದ್ದ ಎರಡು ಗುಲ್‌ಮೊಹರ್ ಮರಗಳು ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಉರುಳಿಬಿದ್ದವು. ಈಗ ಆ ಜಾಗಕ್ಕೆ ಟೈಲ್ಸ್ ಹಾಕಿದ್ದಾರೆ. ಅಲ್ಲಿ ಮತ್ತೆ ಮರ ಬೆಳೆಸಲು ಯಾರಿಗೆ ಅರ್ಜಿ ಕೊಡಬೇಕು? ನಾವೇ ನೆಡಬಹುದೇ? ಮೇಲೆ ವಿದ್ಯುತ್ ತಂತಿ ಇದೆ. ಪಕ್ಕದ ಮನೆಯ ಹಿರಿಯರಿಗೆ ಬೇರು ಸಂಪಿನೊಳಗೆ ನುಗ್ಗುತ್ತದೆಂಬ ಆತಂಕವಿದೆ.

ಉತ್ತರ: ಹೊಂಗೆ ನೆರಳು

ರಸ್ತೆಬದಿಯ ಮರಗಳ ಹೊಣೆ ಪಾಲಿಕೆಯ ಅರಣ್ಯ ವಿಭಾಗದ್ದು. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದಿರುವುದರಿಂದ, ನಿಮ್ಮ ರಸ್ತೆ ಯಾವ ಪಾಲಿಕೆಗೆ ಸೇರಿದೆಯೆಂದು ಮೊದಲು ತಿಳಿದುಕೊಂಡು, ಅಲ್ಲಿನ ಅರಣ್ಯ ವಿಭಾಗಕ್ಕೆ ಲಿಖಿತ ಮನವಿ ಕೊಡಿ. ಫುಟ್‌ಪಾತ್ ಇಂಜಿನಿಯರಿಂಗ್ ವಿಭಾಗದ ಕೈಯಲ್ಲಿರುವ ಕಾರಣ ಟೈಲ್ಸ್ ತೆಗೆಸಲು ವಾರ್ಡಿನ ಇಂಜಿನಿಯರಿಗೂ ಒಂದು ಪ್ರತಿ ಸಲ್ಲಿಸುವುದು ಒಳ್ಳೆಯದು. ಮರ ಬೇಕೆಂದಷ್ಟೇ ಬರೆದರೆ ಸಾಲದು. ಯಾವ ಮನೆಗಳ ಮುಂದೆ ಎಷ್ಟು ಜಾಗವಿದೆ, ತಂತಿ ಯಾವ ಬದಿಗಿದೆ, ಕಾವೇರಿ ನೀರಿನ ಪೈಪು ಮತ್ತು ಒಳಚರಂಡಿ ಎಲ್ಲಿ ಹಾದುಹೋಗಿವೆ ಎಂಬುದನ್ನು ಫೋಟೋ ಸಮೇತ ತಿಳಿಸಿ, ಸಸಿಗೆ ನೀರು ಹಾಕಲು ಒಪ್ಪಿದ ಮನೆಯವರ ಸಹಿಗಳನ್ನು ಸೇರಿಸಿ. ನೋಡಿಕೊಳ್ಳುವವರು ಯಾರೆಂದು ಗೊತ್ತಿಲ್ಲದ ಬೀದಿಯಲ್ಲಿ ಸಸಿ ಉಳಿಯುವುದು ಅಪರೂಪ, ಆದ್ದರಿಂದ ಆ ಸಹಿಗಳಿಗೇ ಹೆಚ್ಚಿನ ತೂಕ. ನೆಡುವ ಕೆಲಸ ಮುಂಗಾರಿನಲ್ಲಿ ನಡೆಯುವುದರಿಂದ ಯುಗಾದಿಯ ಹೊತ್ತಿಗೇ ಅರ್ಜಿ ಹೋಗಿರಲಿ.

ನೀವೇ ನೆಡುವುದಾದರೂ ಫುಟ್‌ಪಾತ್ ಪಾಲಿಕೆಯ ಸ್ವತ್ತಾದ್ದರಿಂದ ಒಪ್ಪಿಗೆ ಪಡೆದೇ ಗುಂಡಿ ತೋಡಿ. ಮರ ಬೆಳೆದ ಮೇಲೆ, ನೆಟ್ಟವರು ನೀವೇ ಆಗಿದ್ದರೂ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಅದನ್ನು ಕಡಿಯುವಂತಿಲ್ಲ. ಇದನ್ನು ಸಹಿ ಹಾಕುವ ನೆರೆಹೊರೆಯವರಿಗೆ ಮೊದಲೇ ಹೇಳಿಬಿಡಿ.

ಉತ್ತರ: ಕೆಂಪು ಮಣ್ಣು

ಅರ್ಜಿಗಿಂತ ಗುಂಡಿಯ ಬಗ್ಗೆ ನನಗೆ ಹೆಚ್ಚು ಕಾಳಜಿ. ಎಂಬತ್ತರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ನೇತೃತ್ವದಲ್ಲಿ ಈ ನಗರದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ಇಂದು ನಾವು ಅನುಭವಿಸುತ್ತಿರುವ ನೆರಳಿನಲ್ಲಿ ದೊಡ್ಡ ಪಾಲು ಆ ಕೆಲಸದ ಫಲ. ಆಗ ರಸ್ತೆಯ ಅಂಚಿನಲ್ಲಿ ಮಣ್ಣಿತ್ತು. ಈಗ ಟೈಲ್ಸ್ ಕೆಳಗೆ ಜಲ್ಲಿ, ಸಿಮೆಂಟು, ಒಡೆದ ಇಟ್ಟಿಗೆ ತುಂಬಿರುತ್ತವೆ. ಅಲ್ಲಿ ಬಕೆಟ್ ಗಾತ್ರದ ಗುಂಡಿ ತೋಡಿ ಸಸಿ ಇಟ್ಟರೆ ಬೇರು ಹೊರಬರಲಾಗದೆ ಒಳಗೇ ಸುತ್ತಿಕೊಳ್ಳುತ್ತದೆ; ಮೇಲೆ ಚೆನ್ನಾಗಿ ಬೆಳೆದಂತೆ ಕಂಡರೂ ಅಂಥ ಮರ ಜೋರು ಗಾಳಿಗೆ ನಿಲ್ಲುವುದಿಲ್ಲ. ಆದ್ದರಿಂದ ಮೂರಡಿ ಉದ್ದ, ಅಗಲ, ಆಳದ ಗುಂಡಿ ತೆಗೆಸಿ, ಕಸವನ್ನೆಲ್ಲ ಹೊರಹಾಕಿ, ಕೆಂಪು ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಒಂದಿಷ್ಟು ಬೇವಿನ ಹಿಂಡಿ ಬೆರೆಸಿ ತುಂಬಿಸಿ. ಸಸಿಯ ಚೀಲವನ್ನು ಪೂರ್ತಿ ಹರಿದು ತೆಗೆಯಿರಿ, ತಳದಲ್ಲಿ ಸುರುಳಿ ಸುತ್ತಿದ ಬೇರಿದ್ದರೆ ಕತ್ತರಿಸಿ. ಬುಡದ ಸುತ್ತ ಒಂದು ಮೀಟರಿನಷ್ಟು ಮಣ್ಣು ತೆರೆದೇ ಇರಲಿ; ದೆಹಲಿಯ ಮರಗಳ ಬುಡದಿಂದ ಅಷ್ಟು ದೂರದ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿಯೇ ಆದೇಶಿಸಿದೆ.

ತಂತಿಯ ಕೆಳಗೆ ಕಕ್ಕೆ, ಬಸವನಪಾದ, ಹೊಳೆ ದಾಸವಾಳದಂಥ ಸಣ್ಣ ಮರಗಳು ಸಾಕು. ತಂತಿಯಿಲ್ಲದ ಬದಿಗೆ ಹೊಂಗೆ ಅಥವಾ ಬೇವು ಹಾಕಿಸಿ. ಆಲ, ಅರಳಿ ಉದ್ಯಾನಕ್ಕೆ ಸರಿ, ನಿಮ್ಮ ಫುಟ್‌ಪಾತಿಗಲ್ಲ. ಎತ್ತರದ ಮರವನ್ನು ತಂತಿಯಡಿಯಲ್ಲಿ ನೆಟ್ಟು, ವರ್ಷ ವರ್ಷ ಒಂದೇ ಬದಿಯ ಕೊಂಬೆಗಳನ್ನು ಸವರಿಸಿಕೊಂಡು ಅದು ವಾಲುವುದನ್ನು ನೋಡುವುದು ನನಗಂತೂ ಸಂಕಟದ ವಿಷಯ.

ಉತ್ತರ: ಮೂಲೆಮನೆ

ಹಿರಿಯರ ಆತಂಕವನ್ನು ತಳ್ಳಿಹಾಕಬೇಡಿ. ಬೇರು ತೇವವಿರುವ ಕಡೆಗೆ ಬೆಳೆಯುತ್ತದೆ. ಗಟ್ಟಿಯಾಗಿರುವ ಸಂಪಿನ ಗೋಡೆಯನ್ನು ಅದು ಸಾಮಾನ್ಯವಾಗಿ ಒಡೆಯುವುದಿಲ್ಲ, ಆದರೆ ಮೊದಲೇ ಬಿರುಕಿದ್ದು ನೀರು ಜಿನುಗುತ್ತಿದ್ದರೆ ಖಂಡಿತ ಒಳಗೆ ಇಳಿಯುತ್ತದೆ. ಸಂಪನ್ನು ಒಮ್ಮೆ ಖಾಲಿ ಮಾಡಿಸಿ ಬಿರುಕು ಮುಚ್ಚಿಸಲಿ. ಗುಂಡಿಯನ್ನು ಅವರ ಗೇಟಿನಿಂದ ಸಾಧ್ಯವಾದಷ್ಟು ದೂರಕ್ಕೆ, ಎರಡು ಮನೆಗಳ ನಡುವಿನ ಗಡಿಗೆ ಸರಿಸಿದರೆ ಕಾರು ತೆಗೆಯಲೂ ಅಡ್ಡಿಯಾಗದು.

ಮರುಪ್ರಶ್ನೆ: ಅಡ್ಡರಸ್ತೆ ನಿವಾಸಿ

ಎಲ್ಲರಿಗೂ ಧನ್ಯವಾದಗಳು. ನಾಲ್ಕು ಮನೆಯವರು ಸಹಿಗೆ ಒಪ್ಪಿದ್ದಾರೆ. ಎಷ್ಟು ಕಾಲ ನೀರು ಹಾಕಬೇಕಾಗುತ್ತದೆ?

ಉತ್ತರ: ಕೆಂಪು ಮಣ್ಣು

ಕನಿಷ್ಠ ಎರಡು ಬೇಸಿಗೆ. ಫೆಬ್ರುವರಿಯಿಂದ ಮೇವರೆಗೆ ವಾರಕ್ಕೆ ಎರಡು ಸಲ, ಒಂದೊಂದು ಸಸಿಗೆ ಎರಡು ಬಕೆಟ್ ನೀರನ್ನು ಪಾತಿಯಲ್ಲಿ ನಿಧಾನವಾಗಿ ಇಂಗುವಂತೆ ಹಾಕಿ. ದಿನಾ ಒಂದೊಂದು ಚೊಂಬು ಚಿಮುಕಿಸಿದರೆ ಬೇರು ಆಳಕ್ಕಿಳಿಯದೆ ಮೇಲೇ ಉಳಿಯುತ್ತದೆ. ಪಾತಿಗೆ ಒಣ ಎಲೆ ಹೊದಿಸಿ, ಸೋಪಿನ ನೀರು ಹರಿದುಬರದಂತೆ ನೋಡಿಕೊಳ್ಳಿ. ಆಸರೆ ಕೋಲಿಗೆ ಕಟ್ಟಿದ ದಾರವನ್ನು ಆರು ತಿಂಗಳಿಗೊಮ್ಮೆ ಸಡಿಲಿಸಿ, ಕಾಂಡ ದಪ್ಪವಾಗುತ್ತಿದ್ದಂತೆ ಕಬ್ಬಿಣದ ಟ್ರೀ ಗಾರ್ಡನ್ನು ತೆಗೆಸಲು ಅರಣ್ಯ ವಿಭಾಗದವರಿಗೆ ತಿಳಿಸಿ. ತಡವಾದರೆ ಸರಳುಗಳು ತೊಗಟೆಯೊಳಗೆ ಹೂತುಹೋಗುತ್ತವೆ.